ಚೀನಾದಲ್ಲಿ ಮಿಡತೆಗಳ ಹುಟ್ಟುನೆಲೆಯನ್ನು ಮೊದಲು ಗುರುತಿಸಿದ್ದು ಹೇಗೆ?

ಹಳೆಯ ದಾಖಲೆಗಳನ್ನು ಎಣಿಸಿ, ಒಂದರ ಪಕ್ಕ ಒಂದಿಟ್ಟು ನೋಡುವುದರಿಂದ. ಮಿಂಗ್ ಆಡಳಿತದ ಅಧಿಕಾರಿಯಾಗಿದ್ದ ಶೂ ಗುವಾಂಗ್‌ಚಿ, 1630ರಲ್ಲಿ ಚಕ್ರವರ್ತಿಗೆ ಸಲ್ಲಿಸಿದ ಮನವಿಪತ್ರದಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸಗ್ರಂಥಗಳಿಂದ ತಿಂಗಳು ನಮೂದಾಗಿದ್ದ 111 ಮಿಡತೆ ಹಾವಳಿಗಳನ್ನು ಆಯ್ದು ವರ್ಗೀಕರಿಸಿದರು. ಅವುಗಳಲ್ಲಿ 31 ಚಾಂದ್ರಮಾನದ ಆರನೆಯ ತಿಂಗಳಿನಲ್ಲೇ, ಅಂದರೆ ಕಡು ಬೇಸಿಗೆಯಲ್ಲಿ, ಸಂಭವಿಸಿದ್ದವು. ನೀರು ಒಮ್ಮೆ ಏರಿ ಒಮ್ಮೆ ಇಳಿಯುವ ಕೆರೆ, ಜೌಗುಗಳ ಅಂಚೇ ಇವುಗಳ ತವರು ಎಂದೂ ಅವರು ತೀರ್ಮಾನಿಸಿದರು.

ಕಾರಣ ಮಿಡತೆಯ ಮೊಟ್ಟೆಯಲ್ಲಿದೆ. ಹೆಣ್ಣು ಮಿಡತೆ ತನ್ನ ಹೊಟ್ಟೆಯ ತುದಿಯನ್ನು ನೆಲದೊಳಗೆ ಇಳಿಸಿ ಮೊಟ್ಟೆಯಿಡುತ್ತದೆ. ಅದಕ್ಕೆ ಉಳುಮೆಯಾಗದ, ತುಸು ತೇವವಿರುವ, ಗಿಡಗಂಟಿ ವಿರಳವಾದ ಮಣ್ಣು ಬೇಕು. ನೆರೆ ಬಂದ ಬಳಿಕ ಬರ ಬಿದ್ದು ನೀರು ಹಿಂದೆ ಸರಿದಾಗ ಅಂಥ ನೆಲ ವಿಶಾಲವಾಗಿ ತೆರೆದುಕೊಳ್ಳುತ್ತದೆ, ಮರಿಗಳಿಗೆ ಮೇವಾಗುವ ಜೊಂಡುಹುಲ್ಲೂ ಪಕ್ಕದಲ್ಲೇ ಇರುತ್ತದೆ.

ಸೀಗಡಿಗಳೇ ಮಿಡತೆಗಳಾಗಿ ಮಾರ್ಪಡುತ್ತವೆ ಎಂದು ಶೂ ನಂಬಿದ್ದರು, ಅದು ತಪ್ಪು. ಆದರೂ ಜೀವಿಯ ಹುಟ್ಟನ್ನು ತಪ್ಪಾಗಿ ತಿಳಿದವರು ಅದರ ನೆಲೆಯನ್ನು ಇಷ್ಟು ಸರಿಯಾಗಿ ಕಂಡುಕೊಂಡದ್ದು ನನಗೆ ಬಹಳ ದೊಡ್ಡ ಸಾಧನೆಯಾಗಿ ತೋರುತ್ತದೆ. 1950ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾ ಶಿಜುನ್ ಮತ್ತು ಸಂಗಡಿಗರು ಹೊಂಗ್ಜೆ ಸರೋವರದಂಥ ಪ್ರದೇಶಗಳಲ್ಲಿ ಅಧ್ಯಯನ ನಡೆಸಿ, ಔಷಧಿ ಸಿಂಪಡಣೆಯೊಂದಿಗೆ ನೀರಿನ ಮಟ್ಟವನ್ನು ನಿಯಂತ್ರಿಸಿ ಅಂಚಿನ ಬೀಳುನೆಲವನ್ನು ಸಾಗುವಳಿಗೆ ತರುವ ಮಾರ್ಗವನ್ನು ರೂಪಿಸಿದರು.