ಡಯಾಗ್ನೋಸ್ಟಿಕ್ ಫೀ ಕೊಡಬೇಕಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಇಷ್ಟು. ತುಮಕೂರಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಹಳೇ ಕಾರು ಕೊಂಡಿದ್ದೀಯ, ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು, ಗ್ಯಾರೇಜಿನವನು ನೋಡಿದ್ದಕ್ಕೇ 180 ಡಾಲರ್ ಕೇಳುತ್ತಿದ್ದಾನೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, 2,300 ಆಗುತ್ತೆ ಅನ್ನುತ್ತಾನೆ, ಅದು ಬೇಡ ಅಂದರೆ 180 ಕೊಡುವವರೆಗೂ ಕೀ ಕೊಡಲ್ಲ ಅನ್ನುತ್ತಾನೆ. ಇದು ಮೋಸ ಅಲ್ವಾ ಅಂತ.

ಫೀ ಕೇಳಿದ್ದೇ ಮೋಸ ಅಲ್ಲ. ನಮ್ಮ ಶಿರಾ ಗೇಟ್ ಹತ್ತಿರ ಗಾಡಿ ನಿಲ್ಲಿಸಿದರೆ ಮೆಕ್ಯಾನಿಕ್ ಬಾನೆಟ್ ಎತ್ತಿ, "ಒಂದ್ಸಲ ರೇಸ್ ಕೊಡಿ ಸಾರ್" ಅಂದು, ಶಬ್ದ ಕೇಳಿಯೇ ಏನಾಗಿದೆ ಅಂತ ಹೇಳುತ್ತಾನೆ. ಅದಕ್ಕೆ ಬೇರೆ ದುಡ್ಡಿಲ್ಲ. ಇಲ್ಲಿ ತೊಂದರೆ ಹುಡುಕುವುದೂ ಒಂದು ಕೆಲಸ, ಅದಕ್ಕೂ ಕೂಲಿ ಇದೆ. ನೀನು ಆ 180ಕ್ಕೆ ಮೊದಲೇ ಒಪ್ಪಿದ್ದೆಯಾ, ಅವನು ನಿಜವಾಗಿ ಹುಡುಕಿದನಾ, ಕೇಳಬೇಕಾದ್ದು ಇವೆರಡು.

ಕ್ಯಾಲಿಫೋರ್ನಿಯಾದಲ್ಲಿ ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು, ಬರೆದು ಕೊಟ್ಟು ನಿನ್ನ ಒಪ್ಪಿಗೆ ಪಡೆಯದೆ ಅಂಗಡಿಯವನು ಕೆಲಸ ಶುರು ಮಾಡುವ ಹಾಗಿಲ್ಲ. ಡಯಾಗ್ನೋಸಿಸ್‌ಗೂ, ಅಂದರೆ ತೊಂದರೆ ಹುಡುಕುವುದಕ್ಕೂ, ಇದೇ ರೂಲು. ಎಸ್ಟಿಮೇಟ್‌ಗಿಂತ ಜಾಸ್ತಿ ಆಗುವುದಾದರೆ ಮತ್ತೆ ಕೇಳಬೇಕು. ಬಿಚ್ಚಿ ನೋಡಬೇಕಾದರೆ, ನೀನು ರಿಪೇರಿ ಬೇಡ ಅಂದಾಗ ವಾಪಸ್ ಜೋಡಿಸುವ ಖರ್ಚನ್ನೂ ಅದರಲ್ಲೇ ಬರೆದಿರಬೇಕು. ಕೌಂಟರಿನಲ್ಲಿ ಟ್ಯಾಬ್ಲೆಟ್ ಮುಂದಿಟ್ಟು "ಇಲ್ಲಿ ಸೈನ್ ಮಾಡಿ" ಅನ್ನುತ್ತಾರಲ್ಲ, ಪರದೆ ಮೇಲೆ ಸೈನ್ ಹಾಕುವ ಗೆರೆ ಮಾತ್ರ ಕಾಣುತ್ತಿರುತ್ತದೆ. ಮೇಲಕ್ಕೆ ಸರಿಸಿ ಪೂರ್ತಿ ಓದು. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ.

ಇನ್ನು ಹುಡುಕಿದನಾ ಅನ್ನುವುದು. ನನಗೆ ಸಿಟ್ಟು ಬರುವುದು ಇಲ್ಲೇ. 1996ರಿಂದ ಈಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರ್ ಓದೋಕೆ ಒಂದು ಓಬಿಡಿ ಪೋರ್ಟ್ ಇರುತ್ತದೆ. ಇಪ್ಪತ್ತು ಮೂವತ್ತು ಡಾಲರಿನ ರೀಡರ್ ಚುಚ್ಚಿದರೆ ಲೈಟ್ ಯಾಕೆ ಹತ್ತಿತು ಅಂತ ಹೇಳುವ ಕೋಡ್ ನಿನಗೇ ಸಿಗುತ್ತದೆ. ನಿನ್ನದು ಪಿ0420 ಇರಬೇಕು. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಕಂಪ್ಯೂಟರಿಗೆ ಅನುಮಾನ ಬಂದಿದೆ, ಅಷ್ಟೇ ಅದರ ಅರ್ಥ. ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದ್ದರೂ, ಕನ್ವರ್ಟರ್ ಆದಮೇಲೆ ಇರುವ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದು. ಬರೀ ಕೋಡ್ ಓದಿ, ಹೊಸದಾಗಿ ಬಂದ ಹುಡುಗ, ಕಾರಿಲ್ಲದೆ ಆಫೀಸಿಗೆ ಹೋಗೋಕೆ ಆಗಲ್ಲ ಅಂತ ಗೊತ್ತಿದ್ದೂ 2,300 ಹೇಳುವುದು ತುಂಬಾ ಅನ್ಯಾಯ ಕಣಪ್ಪ. ಲೀಕ್ ಟೆಸ್ಟ್ ಮಾಡಿದಿರಾ, ಸೆನ್ಸರ್ ರೀಡಿಂಗ್ ಎಷ್ಟಿತ್ತು, ಬರೆದು ಕೊಡಿ ಅಂತ ಕೇಳು. ಕೆಲಸ ಮಾಡಿದವನು ಕೊಡುತ್ತಾನೆ.

ಕೀ ವಿಷಯಕ್ಕೆ ಜಗಳ ಬೇಡ. 180ಕ್ಕೆ ಸೈನ್ ಹಾಕಿದ್ದರೆ ಅಷ್ಟನ್ನು ಮಾತ್ರ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟು, ಬಿಲ್ ಮೇಲೆ 'ಪೇಯ್ಡ್ ಅಂಡರ್ ಪ್ರೊಟೆಸ್ಟ್' (ಆಕ್ಷೇಪ ಇಟ್ಟುಕೊಂಡೇ ಕೊಟ್ಟಿದ್ದೇನೆ) ಅಂತ ಬರೆದು ಗಾಡಿ ತಗೊಂಡು ಬಾ. ಆಮೇಲೆ ಇಲ್ಲಿನ ಸರ್ಕಾರದ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್‌ಗೆ ಆನ್‌ಲೈನಲ್ಲೇ ದೂರು ಕೊಡು. ದುಡ್ಡು ಬೇಡ, ಲಾಯರೂ ಬೇಡ. ಅಂಗಡಿಗೆ ರಿಜಿಸ್ಟ್ರೇಷನ್ ಕೊಡುವವರು ಅವರೇ, ಹಾಗಾಗಿ ಅಂಗಡಿಯವನು ಸುಮ್ನೆ ಕೂರಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಕನ್ವರ್ಟರಿಗೆ ಇಲ್ಲಿ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅಲ್ಲಿವರೆಗೆ ಕಂಪನಿ ವಾರಂಟಿ ಇರುತ್ತದೆ, ಸೆಕೆಂಡ್ ಹ್ಯಾಂಡ್ ಕೊಂಡಿದ್ದರೂ ಸಿಗುತ್ತದೆ. ಕಾರು ಯಾವ ವರ್ಷದ್ದು, ಎಷ್ಟು ಮೈಲಿ ಓಡಿದೆ, ಇವತ್ತೇ ಹೇಳು. ಎಸ್ಟಿಮೇಟ್ ಫೋಟೋನೂ ಕಳಿಸು, ನೋಡುತ್ತೇನೆ.