ಆತ್ಮರಕ್ಷಣೆಗೆ ಚಿಕ್ಕ ರಿವಾಲ್ವರ್: ಓದುಗರ ಮೂರು ಪ್ರಶ್ನೆಗಳು

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಯಜಮಾನರು ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ನಾನು ಮತ್ತು ವಯಸ್ಸಾದ ನಮ್ಮ ಅತ್ತೆ ಇಬ್ಬರೇ ಇದ್ದೇವೆ. ಪಕ್ಕದ ಮನೆಗೆ ಒಂದು ಕಿಲೋಮೀಟರ್ ದೂರವಿದೆ. ಕೊಯ್ಲಿನ ಕಾಲದಲ್ಲಿ ಕೂಲಿ ಬಟವಾಡೆಯ ಹಣ ಮನೆಯಲ್ಲೇ ಇರುತ್ತದೆ. ಹೆಚ್ಚು ದುಬಾರಿಯಲ್ಲದ, ಹಗುರವಾದ ರಿವಾಲ್ವರ್ ಅಥವಾ ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ಹೆಂಗಸರಿಗೆಂದೇ ತಯಾರಿಸಿದ ರಿವಾಲ್ವರ್ ಇದೆಯಂತೆ. ಅದನ್ನು ಕೊಳ್ಳಬಹುದೇ?

ಉತ್ತರ: ನಮ್ಮ ದೇಶದಲ್ಲಿ ಮೊದಲು ಪರವಾನಗಿ, ಆಮೇಲೆ ಅಂಗಡಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನೀವು ಜಿಲ್ಲಾ ದಂಡಾಧಿಕಾರಿಗಳಾದ ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಳಿಗೆ ಎ-1 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಅದರ ಮೇಲೆ ಪೊಲೀಸರ ವರದಿ ತರಿಸಿಕೊಳ್ಳಲಾಗುತ್ತದೆ. ಅರ್ಜಿಯಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಪದ ಬರೆದು ಬಿಡಬೇಡಿ. ನನಗೆ ಬರೆದಿರುವುದನ್ನೇ, ಅಂದರೆ ಮನೆಯ ದೂರ, ಹಣ ಮನೆಯಲ್ಲಿರುವ ತಿಂಗಳುಗಳು, ಗಂಡಾಳಿಲ್ಲದ ಮನೆಯ ಸ್ಥಿತಿ, ಹಿಂದೆ ಕಳ್ಳತನವಾಗಿ ದೂರು ದಾಖಲಾಗಿದ್ದರೆ ಅದರ ಸಂಖ್ಯೆ, ಇವೆಲ್ಲವನ್ನೂ ಬಿಡಿಸಿ ಬರೆಯಿರಿ. 2016ರ ನಿಯಮಗಳ ಪ್ರಕಾರ ಶಸ್ತ್ರ ಬಳಕೆಯ ತರಬೇತಿ ಪಡೆಯಬೇಕು ಮತ್ತು ಅದನ್ನು ಸುರಕ್ಷಿತವಾಗಿ ಇಡುವುದಾಗಿ ಬರೆದುಕೊಡಬೇಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆ. ಪರವಾನಗಿ ಸಿಕ್ಕರೆ, 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ.

ಇನ್ನು ಆಯ್ಕೆ. 9 ಎಂಎಂ, .38, .45 ಬೋರಿನ (ಬೋರು ಎಂದರೆ ನಳಿಕೆಯ ಒಳಗಿನ ಅಳತೆ) ಪಿಸ್ತೂಲು ರಿವಾಲ್ವರುಗಳು ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹೀಗಾಗಿ ನಿಮ್ಮ ಮುಂದೆ ಉಳಿಯುವುದು ಮುಖ್ಯವಾಗಿ .32 ಬೋರು, ಅದರ ಕೆಳಗೆ .22. ವಿದೇಶಿ ಪಿಸ್ತೂಲುಗಳು ಎಂಬತ್ತರ ದಶಕದಿಂದೀಚೆಗೆ ಸಾಮಾನ್ಯ ವ್ಯಾಪಾರಕ್ಕೆ ಆಮದಾಗುತ್ತಿಲ್ಲವಾದ್ದರಿಂದ ಹಳೆಯ ವೆಬ್ಲಿ, ವಾಲ್ಟರ್‌ಗಳಿಗೆ ಹೆಸರಿನ ಬಲದಿಂದಲೇ ಲಕ್ಷಗಟ್ಟಲೆ ಬೆಲೆ ಹೇಳುತ್ತಾರೆ. ಅವುಗಳ ಬಿಡಿಭಾಗ ಸಿಗುವುದು ಕಷ್ಟ. ಸ್ಪ್ರಿಂಗ್ ಒಂದು ಸೋತರೆ ಅದು ಕಬ್ಬಿಣದ ತುಂಡಾಗಿ ಕೂರುತ್ತದೆ. ಅವು ನಿಮಗೆ ಬೇಡ.

ನನ್ನ ಸಲಹೆ .32 ರಿವಾಲ್ವರ್. ಕಾರಣ ಅದರ ಕೆಲಸದ ರೀತಿಯಲ್ಲೇ ಇದೆ. ರಿವಾಲ್ವರಿನಲ್ಲಿ ತೋಟಾವೊಂದು ಹಾರದೆ ಠುಸ್ಸೆಂದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನ ತೋಟಾ ಬಂದು ನಿಲ್ಲುತ್ತದೆ. ಪಿಸ್ತೂಲಿನಲ್ಲಿ ಹಾಗಾದರೆ ಎಡಗೈಯಿಂದ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗವನ್ನು ಹಿಂದಕ್ಕೆಳೆದು ಕೆಟ್ಟ ತೋಟಾ ಹೊರಹಾಕಿ ಹೊಸದನ್ನು ಒಳಗೆ ತರಬೇಕು. ನಿದ್ದೆಗಣ್ಣಿನಲ್ಲಿ, ಕತ್ತಲೆಯಲ್ಲಿ, ನಡುಗುವ ಕೈಗೆ ಅದು ಸುಲಭವಲ್ಲ. ನಾನು ಶೂಟಿಂಗ್ ರೇಂಜಿನಲ್ಲಿ ಕಲಿಸುವಾಗ ಶಾಲಾ ಶಿಕ್ಷಕಿಯೊಬ್ಬರು ಪಿಸ್ತೂಲನ್ನು ತುಂಬಾ ಮೇಲಕ್ಕೆ ಹಿಡಿದಿದ್ದರು. ಗುಂಡು ಹಾರಿದೊಡನೆ ಹಿಂದಕ್ಕೆ ಚಿಮ್ಮಿದ ಸ್ಲೈಡು ಅವರ ಹೆಬ್ಬೆರಳು ತೋರುಬೆರಳುಗಳ ನಡುವಿನ ಚರ್ಮವನ್ನು ಎರಡು ಸಾಲಾಗಿ ಸೀಳಿತು. ಆಮೇಲೆ ಅವರು ಹಿಡಿತ ತಿದ್ದಿಕೊಂಡರು, ಚೆನ್ನಾಗಿಯೇ ಕಲಿತರು. ಆದರೆ ಅದಕ್ಕೆ ವಾರಕ್ಕೆರಡು ದಿನದಂತೆ ಮೂರು ತಿಂಗಳು ಹಿಡಿಯಿತು. ಅಷ್ಟು ಬಿಡುವು ನಿಮಗಿದ್ದರೆ ನಮ್ಮ ದೇಶದಲ್ಲೇ ತಯಾರಾದ .32ರ ‘ಅಶನಿ’ ಪಿಸ್ತೂಲನ್ನೂ ನೋಡಬಹುದು. ಒಂದು ಮಾತು ಮರೆಯದಿರಿ: ಪರವಾನಗಿಯಲ್ಲಿ ಎರಡಕ್ಕೂ ‘.32’ ಎಂದೇ ಬರೆದಿದ್ದರೂ ಪಿಸ್ತೂಲಿನ ತೋಟಾ ಬೇರೆ, ರಿವಾಲ್ವರಿನ ತೋಟಾ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು.

ಹೆಂಗಸರ ರಿವಾಲ್ವರ್ ಎಂದು ನೀವು ಕೇಳಿರುವುದು ‘ನಿರ್ಭೀಕ್’ ಇರಬೇಕು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಹೊರಬಂದ ಅದರ ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಟೈಟಾನಿಯಂ ಮಿಶ್ರಲೋಹದಿಂದ ಮಾಡಿದ್ದರಿಂದ ಹಗುರ. ಹಗುರವಾದದ್ದು ಹೆಂಗಸರಿಗೆ ಒಳ್ಳೆಯದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪರ್ಸಿನಲ್ಲಿಟ್ಟು ದಿನವಿಡೀ ಓಡಾಡುವವರಿಗೆ ತೂಕದ ಪ್ರಶ್ನೆ ಬರುತ್ತದೆ, ಮನೆಯ ಬೀರುವಿನಲ್ಲಿಡುವವರಿಗೆ ಬರುವುದಿಲ್ಲ. ಅದೇ ತೋಟಾವನ್ನು ಹಗುರ ಬಂದೂಕಿನಿಂದ ಹಾರಿಸಿದರೆ ಒದೆತ ಹೆಚ್ಚು, ನಳಿಕೆ ಮೇಲಕ್ಕೆ ನೆಗೆಯುವುದೂ ಹೆಚ್ಚು, ಹಾಗಾಗಿ ಎರಡನೆಯ ಗುಂಡು ಗುರಿ ಬಿಟ್ಟು ಹೋಗುತ್ತದೆ. .22ರ ‘ನಿಡರ್’ ಇನ್ನೂ ಅಗ್ಗ, ಇನ್ನೂ ಹಗುರ. ಆದರೆ ಅಂಚಿನಲ್ಲಿ ಹೊಡೆತ ತಿನ್ನುವ .22 ತೋಟಾಗಳು ಠುಸ್ಸಾಗುವುದು .32ಕ್ಕಿಂತ ಹೆಚ್ಚು. ಕಾನ್ಪುರದ ಹಳೆಯ ಮಾದರಿಯ, ನಡುವೆ ಮಡಚಿ ತೋಟಾ ತುಂಬುವ ಉಕ್ಕಿನ .32 ರಿವಾಲ್ವರ್ ಮನೆಗೆ ಸಾಕು. 2023ರಲ್ಲಿ ಬಂದ ‘ಪ್ರಬಲ್’ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತುಂಬಲು ಸುಲಭ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ತೋರುಬೆರಳು ಟ್ರಿಗರಿನ ಮೇಲೆ ಸರಿಯಾಗಿ ಕೂರುವುದನ್ನು ಆರಿಸಿ.

ಖರ್ಚು ಕಡಿಮೆ ಮಾಡಲು ಸೆಕೆಂಡ್ ಹ್ಯಾಂಡ್ ನೋಡುವುದರಲ್ಲಿ ತಪ್ಪೇನಿಲ್ಲ. ಪರವಾನಗಿ ಇರುವ ಅಂಗಡಿಯಲ್ಲೇ ನೋಡಿ. ಖಾಲಿ ಇದೆಯೆಂದು ಎರಡು ಸಲ ಖಾತ್ರಿ ಮಾಡಿಕೊಂಡು ಮಡಚುವ ರಿವಾಲ್ವರನ್ನು ಮುಚ್ಚಿ ಕೊಂಚ ಅಲುಗಾಡಿಸಿ: ಕೀಲು ಕಟಕಟ ಎಂದರೆ ಬಿಟ್ಟುಬಿಡಿ. ಕುದುರೆಯನ್ನು (ಹಿಂಬದಿಯ ಹ್ಯಾಮರ್) ಹಿಂದಕ್ಕೆಳೆದು ನಿಲ್ಲಿಸಿ ಸಿಲಿಂಡರನ್ನು ಬೆರಳಿನಿಂದ ತಿರುಗಿಸಲು ನೋಡಿ. ಸಿಲಿಂಡರ್ ಬಿಗಿಯಾಗಿ ನಿಲ್ಲಬೇಕು. ಮತ್ತೆ ತೆರೆದು ಹಿಂಬದಿಗೆ ಬಿಳಿ ಹಾಳೆ ಹಿಡಿದು ನಳಿಕೆಯೊಳಗೆ ಇಣುಕಿ. ತಿರುಪಿನ ಗೆರೆಗಳು ಸ್ಪಷ್ಟವಾಗಿ ಹೊಳೆಯಬೇಕು, ಕಪ್ಪು ಚುಕ್ಕಿಗಳಿದ್ದರೆ ಅದು ತುಕ್ಕು ತಿಂದ ಗುಳಿ.

ತುಕ್ಕಿನ ಮಾತು ಬಂದದ್ದರಿಂದ ನಿಮ್ಮ ಕಡೆಯ ಮಳೆಯ ವಿಷಯ ಹೇಳಲೇಬೇಕು. ಬಾಳೆಹೊನ್ನೂರು ಕಡೆಯ ಪರಿಚಿತ ಬೆಳೆಗಾರರೊಬ್ಬರು ಮಳೆಗಾಲ ಮುಗಿದ ಮೇಲೆ ತಮ್ಮ ರಿವಾಲ್ವರನ್ನು ನನ್ನ ಬಳಿ ತಂದಿದ್ದರು. ಜೂನ್‌ನಲ್ಲಿ ಚೆನ್ನಾಗಿ ಎಣ್ಣೆ ಹಚ್ಚಿ, ಒಳ್ಳೆಯ ಚರ್ಮದ ಚೀಲದಲ್ಲಿಟ್ಟು, ಬೀರುವಿಗೆ ಬೀಗ ಹಾಕಿದ್ದರಂತೆ. ಚೀಲದ ಗುಂಡಿ ಬಿಚ್ಚಿದಾಗ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಚರ್ಮ ತಾಗಿದ ಬದಿಯಲ್ಲೆಲ್ಲ ಕಂದು ಪುಡಿ ಎದ್ದಿತ್ತು, ಸಿಲಿಂಡರ್ ತಿರುಗಲೇ ಇಲ್ಲ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಉಕ್ಕಿನ ಪೆಟ್ಟಿಗೆಯಲ್ಲಿಡಿ, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ತೆಗೆದು ಒರೆಸಿ.

ವರ್ಷಕ್ಕೆ ಕೊಳ್ಳಬಹುದಾದ ತೋಟಾಗಳ ಸಂಖ್ಯೆಗೆ ಮಿತಿಯಿದೆ, ಅವು ಅಗ್ಗವೂ ಅಲ್ಲ. ಹಾಗಾಗಿ ಡಮ್ಮಿ ತೋಟಾ ಹಾಕಿ ಗೋಡೆಯ ಚುಕ್ಕಿಗೆ ಗುರಿಯಿಟ್ಟು ಟ್ರಿಗರ್ ಎಳೆಯುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷ ಮಾಡಿ. ನಿಜವಾದ ತೋಟಾಗಳು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ.

ಕಾನೂನಿನ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಹುಟ್ಟುವುದಿಲ್ಲ. ಜೀವಕ್ಕೆ ಕುತ್ತು ಬಂದಾಗ ಗುಂಡು ಹಾರಿಸುವುದು ಬೇರೆ. ಅಂಗಳದಿಂದ ಕಾಫಿ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹಾರಿಸುವುದು ಬೇರೆ, ಅದಕ್ಕೆ ನೀವೇ ಆರೋಪಿಯಾಗುತ್ತೀರಿ. ಆದ್ದರಿಂದ ಅರ್ಜಿಯ ಫಲಿತಾಂಶಕ್ಕೆ ಕಾಯುವ ತಿಂಗಳುಗಳಲ್ಲಿ ಬಟವಾಡೆಯನ್ನು ಆದಷ್ಟು ಬ್ಯಾಂಕ್ ಖಾತೆಗೆ ಬದಲಿಸಿ, ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಅಗುಳಿ ಹಾಕಿಸಿ, 112ಕ್ಕೆ ಕರೆ ಮಾಡಲು ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆಂದು ನೋಡಿಟ್ಟುಕೊಳ್ಳಿ. ನಿಮ್ಮ ಅತ್ತೆಯವರಿಗೂ ಅದನ್ನು ಕಲಿಸಿ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಹೆಸರಿನಲ್ಲಿ .32 ರಿವಾಲ್ವರ್ ಇದೆ. ಹೊಸದು ಕೊಳ್ಳುವ ಬದಲು ಅದನ್ನೇ ಇಟ್ಟುಕೊಳ್ಳಬಹುದೇ? (ದಾವಣಗೆರೆ)

ಉತ್ತರ: ಬಹುದು, ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇನ್ನೊಂದಿಲ್ಲ. ಆದರೆ ತಂದೆಯವರ ಪರವಾನಗಿ ಅವರೊಂದಿಗೇ ಮುಗಿಯಿತು. ಇಂದು ಅದು ನಿಮ್ಮ ಮನೆಯಲ್ಲಿದ್ದರೆ ಪರವಾನಗಿ ಇಲ್ಲದ ಶಸ್ತ್ರ ಇಟ್ಟುಕೊಂಡಂತೆಯೇ. ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಬಳಿಕ ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಇದಕ್ಕೆಂದೇ ಅವಕಾಶವಿದೆ.

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್ ಬಳಿ ನೆಲೆಸಿದ್ದೇವೆ. ಕಳೆದ ವರ್ಷ ನನಗೆ ಗ್ರೀನ್ ಕಾರ್ಡ್ ಬಂದಿದೆ. ಎಚ್-1ಬಿ ವೀಸಾದಲ್ಲಿರುವ ತಮ್ಮ ನಮ್ಮೊಂದಿಗೇ ಇದ್ದಾನೆ, ಆರು ವರ್ಷದ ಮಗಳಿದ್ದಾಳೆ. ಮನೆಗೆ ಕಡಿಮೆ ಬೆಲೆಯ ಕಾಂಪ್ಯಾಕ್ಟ್ ಪಿಸ್ತೂಲು ಯಾವುದು ಸೂಕ್ತ?

ಉತ್ತರ: ಮೊದಲು ತಮ್ಮನ ವಿಷಯ, ಏಕೆಂದರೆ ನಮ್ಮವರಲ್ಲಿ ಅನೇಕರಿಗೆ ಇದು ತಿಳಿದಿಲ್ಲ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿ ಹೊಂದಿರುವಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಕಾಯಂ ನಿವಾಸಿಯಾದ ನಿಮಗೆ ಆ ಅಡ್ಡಿಯಿಲ್ಲ. 21 ತುಂಬಿದ್ದರೆ ಅಂಗಡಿಯಲ್ಲಿ 4473 ನಮೂನೆ ತುಂಬಿ, ಹಿನ್ನೆಲೆ ಪರಿಶೀಲನೆಯ ನಂತರ ಕೊಳ್ಳಬಹುದು. ಆದರೆ ಪೆಟ್ಟಿಗೆಯ ಬೀಗದ ಸಂಖ್ಯೆ ತಮ್ಮನಿಗೆ ತಿಳಿದಿರಕೂಡದು, ಅವನನ್ನು ರೇಂಜಿಗೆ ಕರೆದೊಯ್ದು ಕೈಗೆ ಕೊಡಲೂ ಕೂಡದು. ಅವನ ವೀಸಾಕ್ಕೇ ಸಂಚಕಾರ ಬಂದೀತು.

ಆಯ್ಕೆಯಲ್ಲಿ ನಿಮಗೆ ಮೂಡಿಗೆರೆಯ ಸೋದರಿಗಿಂತ ಹೆಚ್ಚು ಸ್ವಾತಂತ್ರ್ಯವಿದೆ, ಗೊಂದಲವೂ ಹೆಚ್ಚು. ಜೇಬಿನಲ್ಲಿ ಅಡಗುವ ರೂಗರ್ ಎಲ್‌ಸಿಪಿಯಂಥವು 300 ಗ್ರಾಮಿಗಿಂತ ಹಗುರ. ಮನೆಯಲ್ಲೇ ಇಡುವುದಾದರೆ ಅಷ್ಟು ಚಿಕ್ಕದರ ಅಗತ್ಯವಿಲ್ಲ, ಅವುಗಳ .380 ತೋಟಾ 9 ಎಂಎಂಗಿಂತ ದುಬಾರಿ, ಕೈಗೆ ಒದೆತವೂ ಚುರುಕು. ಸುಮಾರು 300 ಡಾಲರಿನ ಟಾರಸ್ ಜಿ3ಸಿ, ಅದಕ್ಕಿಂತ ಸ್ವಲ್ಪ ಮೇಲಿನ ಸ್ಮಿತ್ ಅಂಡ್ ವೆಸನ್ ಶೀಲ್ಡ್, ಇನ್ನೂ ಮೇಲೆ ಗ್ಲಾಕ್ 19, ಇವೆಲ್ಲ 9 ಎಂಎಂ. ರೇಂಜಿನಲ್ಲಿ ಮೂರನ್ನೂ ಬಾಡಿಗೆಗೆ ಪಡೆದು ತಲಾ ಐವತ್ತು ಗುಂಡು ಹಾರಿಸಿ. ಕೊಂಡ ಮೇಲೆ, ರಕ್ಷಣೆಗೆಂದು ತುಂಬಿಡುವ ತೋಟಾವನ್ನೇ ನೂರರಷ್ಟು ಹಾರಿಸಿ, ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಅದನ್ನು ನಂಬಿ.

ಮಗಳ ಕಾರಣಕ್ಕೆ, ಗೋಡೆಗೆ ಅಥವಾ ಮಂಚದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮುಂಚೆಯೇ ತನ್ನಿ. ತುಂಬಿದ ಬಂದೂಕನ್ನು ಭದ್ರಪಡಿಸದೆ ಬಿಟ್ಟು, ಅದು 17ಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಾಸ್‌ನಲ್ಲಿ ಅಪರಾಧ. ಬೀರುವಿನ ಮೇಲಟ್ಟವನ್ನು ನಂಬಬೇಡಿ, ಆರು ವರ್ಷದ ಮಗು ಕುರ್ಚಿ ಎಳೆದುಕೊಂಡು ಹತ್ತುತ್ತದೆ. ಬೆರಳು ಒತ್ತಿ ತೆರೆಯುವ ಪೆಟ್ಟಿಗೆಯಾದರೆ ಬ್ಯಾಟರಿಯನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಜೊತೆಗೆ ಬರುವ ತುರ್ತು ಕೀಲಿಯನ್ನು ನಿಮ್ಮ ಕೀಗೊಂಚಲಿನಲ್ಲೇ ಇಟ್ಟುಕೊಳ್ಳಿ.