ಕಷ್ಟದ ಸಂಶೋಧನೆಯನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆಯುವುದು ಹೇಗೆ?

ಮೊದಲು ಅಂಕಿಯನ್ನು ಬಿಡಿಸಿ ಹೇಳಿ. ‘ಈ ಮಾತ್ರೆಯಿಂದ ಹೃದಯಾಘಾತ 50% ಕಡಿಮೆ’ ಅಂತ ಬರೆದರೆ ಓದಿದವರು ಪವಾಡ ಅಂದುಕೊಳ್ಳುತ್ತಾರೆ. 100 ಜನರಲ್ಲಿ 2 ಜನಕ್ಕೆ ಆಗುತ್ತಿದ್ದದ್ದು 1ಕ್ಕೆ ಇಳಿದರೂ ಅದು 50 ಪರ್ಸೆಂಟೇ ಅಲ್ವಾ? ಹಾಗಾಗಿ ನೂರು ಜನರ ಲೆಕ್ಕದಲ್ಲೇ ಹೇಳಿ, ಎಷ್ಟು ವರ್ಷದಲ್ಲಿ ಅನ್ನೋದನ್ನೂ ಸೇರಿಸಿ.

ಆಮೇಲೆ, ಕಷ್ಟದ ಪದದ ಹೆಸರಿಗಿಂತ ಅದು ಏನು ಕೆಲಸ ಮಾಡುತ್ತದೆ ಅನ್ನೋದು ಮುಖ್ಯ. ಮಂಡ್ಯದಲ್ಲಿ ನಮ್ಮ ಸೋದರತ್ತೆ ಶುಗರ್ ರಿಪೋರ್ಟ್ ಹಿಡಿದುಕೊಂಡು, ‘ನಿನ್ನೆಯೆಲ್ಲಾ ಪಥ್ಯ ಮಾಡಿದೀನಿ, ಆದ್ರೂ ಎಚ್‌ಬಿಎ1ಸಿ 8 ಬಂದಿದೆಯಲ್ಲಪ್ಪಾ, ಜಾಸ್ತಿನೇ’ ಅಂದರು. ಅದು ರಕ್ತದ ಸಕ್ಕರೆಯ ಒಂದು ಪರೀಕ್ಷೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ರಕ್ತದ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ, ಅದಕ್ಕೇ ಈ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ದಿನ ನೀರು ಹಾಯಿಸಿದರೆ ಕಬ್ಬು ಬೆಳೆಯಲ್ವಲ್ಲ, ಹಂಗೆ ಅನ್ನು’ ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ. ಬರೆದದ್ದನ್ನು ಹೀಗೆ ಒಬ್ಬರಿಗೆ ಓದಿ ಹೇಳಿ ನೋಡಿ.

ಹಣದ ವಿಷಯಕ್ಕೂ ಇದೇ ದಾರಿ: ‘ವರ್ಷಕ್ಕೆ 12% ಚಕ್ರಬಡ್ಡಿ’ ಅಂದು ಬಿಡಬೇಡಿ, ಕಟ್ಟದಿದ್ದರೆ ಸಾಲ ಸುಮಾರು 6 ವರ್ಷಕ್ಕೆ ಎರಡರಷ್ಟಾಗುತ್ತದೆ ಅನ್ನಿ. ಇನ್ನೊಂದು, ಪ್ರಯೋಗ ನಡೆದದ್ದು ಇಲಿಗಳ ಮೇಲಾದರೆ ಅದನ್ನು ಮೊದಲ ಸಾಲಲ್ಲೇ ಹೇಳಿಬಿಡಿ.